ದಣಿಯ ಕೊನೇ ಕಂತಿನಲ್ಲಿ ನಕ್ಕವರು ಯಾರು

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಗಂಟಲು ಇವತ್ತೇ ಕಟ್ಟಿಹೋಗಲಿ. ಬೇರೆಯವರು ಕಣ್ಣಿನ ಮೇಲೆ ಆಣೆ ಇಡುತ್ತಾರೆ, ಹೆತ್ತ ಮಕ್ಕಳ ಮೇಲೆ ಇಡುತ್ತಾರೆ. ನಾನು ಗಂಟಲ ಮೇಲೆ ಇಟ್ಟಿದ್ದೇನೆ. ಹೊಟ್ಟೆ ತುಂಬಿಸಿದ್ದು ಅದೇ ಆದ್ದರಿಂದ ಅದಕ್ಕಿಂತ ದೊಡ್ಡ ಆಣೆ ನನ್ನ ಹತ್ತಿರ ಇಲ್ಲ.

ನಾನು ನಗುವ ಕೆಲಸದವನು. ಹುಬ್ಬೇರಿಸಬೇಡಿ, ಅಂಥ ಕೆಲಸ ಇದೆ. ಟೀವಿಯಲ್ಲಿ ಜನರನ್ನು ಎದುರು ಕೂರಿಸಿಕೊಂಡು ಆಡುವ ನಾಟಕ ಬರುತ್ತದಲ್ಲ, ಅದರಲ್ಲಿ ಗೊಳ್ಳೆಂದು ನಗು ಕೇಳಿಸುತ್ತದಲ್ಲ, ಆ ನಗು ತಾನಾಗಿ ಹುಟ್ಟುವುದಿಲ್ಲ. ಒಬ್ಬ ಹಚ್ಚಬೇಕು. ಆ ಒಬ್ಬ ನಾನು. ಐದನೇ ಸಾಲಿನ ನಡುವಿನ ಕುರ್ಚಿ ನನ್ನದು. ನನ್ನ ಕೈಕೆಳಗೆ ಎಂಟು ಜನ ಸಭಾಂಗಣದ ತುಂಬ ಹರಡಿ ಕೂರುತ್ತಿದ್ದರು. ನಾನು ಹಚ್ಚಿದರೆ ಅವರು ಊದುತ್ತಿದ್ದರು, ಆಮೇಲೆ ಮುನ್ನೂರು ಜನ ಹೊತ್ತಿಕೊಳ್ಳುತ್ತಿದ್ದರು. ಅದಕ್ಕೇ ಸ್ಟುಡಿಯೋದಲ್ಲಿ ನನಗೆ ನಗುಮೇಸ್ತ್ರಿ ಅಂತ ಹೆಸರು.

ನನ್ನ ನಗುವಿನ ಶಕ್ತಿ ನಿಮಗೆ ಗೊತ್ತಿಲ್ಲ. ಒಂದು ಸಲ ಹೊಟ್ಟೆಯಿಂದ ಬಿಟ್ಟೆ ನೋಡಿ, ಎರಡು ಗೋಡೆ ಆಚೆ ನಿರ್ಮಾಪಕರ ಮೇಜಿನ ಮೇಲಿದ್ದ ಗಾಜಿನ ಲೋಟ ಉದ್ದಕ್ಕೆ ಸೀಳಿತು. ಇನ್ನೊಂದು ಸಲ ಹೊರಗೆ ಹೋಗುತ್ತಿದ್ದ ಬಸ್ಸಿನ ಡ್ರೈವರು ಇಂಜಿನ್ ಕೆಟ್ಟಿತೆಂದು ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿಬಿಟ್ಟ. ಎದುರಿನ ಪಾರ್ಕಿನಲ್ಲಿ ಯಾರೋ ದೊಡ್ಡ ಮನುಷ್ಯರ ಕಲ್ಲಿನ ಪ್ರತಿಮೆ ಇದೆ. ನಾನು ಕೆಲಸಕ್ಕೆ ಸೇರುವ ಮೊದಲು ಅದರ ಬಾಯಿ ಮುಚ್ಚಿತ್ತು. ಈಗ ಹೋಗಿ ನೋಡಿ.

ಈ ಕೆಲಸದ ಗುಟ್ಟು ಇಷ್ಟೇ. ಮಾತು ಮುಗಿಯಲು ಅರ್ಧ ಉಸಿರು ಬಾಕಿ ಇರುವಾಗಲೇ ನಗು ಶುರುವಾಗಬೇಕು. ಮಾತು ಮುಗಿದ ಮೇಲೆ ನಕ್ಕರೆ ಅದು ಜನರ ನಗು. ಮುಗಿಯುವ ಮೊದಲೇ ನಕ್ಕರೆ ಅದು ಮೇಸ್ತ್ರಿಯ ನಗು. ಅಂದರೆ ಜನ ನಗುತ್ತಾರೋ ಇಲ್ಲವೋ ಎಂದು ಕಾದು ನೋಡುವ ಹಾಗಿಲ್ಲ, ಕಣ್ಣು ಮುಚ್ಚಿ ಧುಮುಕಬೇಕು.

ಹನ್ನೊಂದು ವರ್ಷ ನಾನು ಧುಮುಕಿದ್ದು ಒಬ್ಬನೇ ಮನುಷ್ಯನಿಗಾಗಿ. ಅವನು ದಣಿ.

ದಣಿ ನಮ್ಮ ನಾಟಕದ ಮಂತ್ರಿ. ಅಂಥ ನಿರ್ದಯಿ ಇನ್ನೊಬ್ಬನಿಲ್ಲ. ಆಸ್ಪತ್ರೆ ಮಾರಿದ, ಸ್ಕೂಲು ಮಾರಿದ, ಸ್ವಂತ ತಮ್ಮನನ್ನು ಜೈಲಿಗೆ ಕಳಿಸಿ ತಮ್ಮನ ಮನೆಯಲ್ಲೇ ಪಕ್ಷದ ಕಚೇರಿ ತೆಗೆದ. ಒಬ್ಬೊಬ್ಬರನ್ನು ಮುಗಿಸಿದಾಗಲೂ ಅವರ ಕೆನ್ನೆ ತಟ್ಟಿ ಒಂದೇ ಮಾತು ಹೇಳುತ್ತಿದ್ದ: “ಊಟ ಮಾಡ್ಕೊಂಡು ಹೋಗು, ಮರಿ.” ಅಷ್ಟೇ. ಸಭಾಂಗಣ ಕಿತ್ತುಹೋಗುತ್ತಿತ್ತು. ‘ಮರಿ’ ಎನ್ನುವ ಹೊತ್ತಿಗೆ ನನ್ನ ಹೊಟ್ಟೆ ತಾನಾಗಿ ಎದ್ದಿರುತ್ತಿತ್ತು.

ಆ ಮಾತು ಬೀದಿಗೂ ಇಳಿಯಿತು. ಆಫೀಸಿನಲ್ಲಿ ರಜೆ ಕೇಳಿದವರಿಗೆ ಸಾಹೇಬರು ಅದನ್ನೇ ಹೇಳುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರಿಗೆ ಕಂಡಕ್ಟರು ಹೇಳುತ್ತಿದ್ದ. ನನ್ನ ಹೆಂಡತಿಯಂತೂ ನಾನು ಜಗಳಕ್ಕೆ ನಿಂತಾಗಲೆಲ್ಲ ಕೆನ್ನೆ ತಟ್ಟಿ ಅದನ್ನೇ ಹೇಳಿ ತಟ್ಟೆ ಇಟ್ಟುಬಿಡುತ್ತಿದ್ದಳು. ಕೊನೆಕೊನೆಗೆ ನಿಜವಾದ ರಾಜಕಾರಣಿಗಳೂ ಭಾಷಣದಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸತೊಡಗಿದರು. ದಣಿಯ ಪಾತ್ರ ಮಾಡುತ್ತಿದ್ದ ಮನುಷ್ಯನೋ, ಟೀಯಲ್ಲಿ ನೊಣ ಬಿದ್ದಿದ್ದರೂ ಕೊಟ್ಟವರಿಗೆ ಬೇಜಾರಾದೀತೆಂದು ನೊಣ ತೆಗೆದು ಕುಡಿಯುವಂಥವನು. ಅವನನ್ನು ಅವನ ಹೆಂಡತಿಯೂ ದಣಿ ಎಂದೇ ಕರೆಯುತ್ತಿದ್ದಳು.

ಈ ದಣಿಯನ್ನು ಹುಟ್ಟಿಸಿದವಳು ಒಬ್ಬ ಹೆಂಗಸು. ಮೊದಲು ಟೈಪಿಸ್ಟ್ ಆಗಿದ್ದವಳು. ನಾವೆಲ್ಲ ಅವಳನ್ನು ಬರೆಯೋ ಅಕ್ಕ ಅನ್ನುತ್ತಿದ್ದೆವು. ನಾಟಕ ನೋಡಿ ಊರೆಲ್ಲ ನಗುವಾಗ ಅವಳು ಪರದೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತಿರುತ್ತಿದ್ದಳು. ಒಂದು ದಿನವೂ ನಕ್ಕಿದ್ದು ನಾನು ನೋಡಲಿಲ್ಲ. ‘ಅವಳೊಬ್ಬಳನ್ನು ನಗಿಸಿದರೆ ನನ್ನ ಮೀಸೆ ಬೋಳಿಸ್ತೀನಿ’ ಎಂದು ನಾನೂ ಪಣ ಕಟ್ಟಿದ್ದೆ. ಮೀಸೆ ಇನ್ನೂ ಹಾಗೇ ಇದೆ.

ಹನ್ನೊಂದನೇ ವರ್ಷದಲ್ಲಿ ಅಕ್ಕ, ಇನ್ನು ಸಾಕು, ಮುಗಿಸುತ್ತೇನೆ ಎಂದಳು. ನಿರ್ಮಾಪಕರು ಕುಣಿದಾಡಿದರು. ಕೊನೇ ಕಂತು ನೇರ ಪ್ರಸಾರ ಆಗಲಿ, ಸಂಜೆ ಏಳಕ್ಕೆ ದೇಶವೆಲ್ಲ ನೋಡಲಿ ಎಂದರು. ಆದರೆ ಅಂತ್ಯದ ವಿಷಯದಲ್ಲಿ ಜಟಾಪಟಿ.

“ಜೈಲಿಗೆ ಹಾಕಮ್ಮ ಅವನನ್ನ,” ಎಂದರು ನಿರ್ಮಾಪಕರು.

“ಹಾಕಲ್ಲ.”

“ಸರಿ, ಗುಂಡು ಹೊಡೆಸು.”

“ಹೊಡೆಸಲ್ಲ.”

“ಕೊನೇಪಕ್ಷ ಮೆಟ್ಟಿಲ ಮೇಲಿಂದ ಉರುಳಿಸಾದ್ರೂ ಉರುಳಿಸು ತಾಯಿ! ಹನ್ನೊಂದು ವರ್ಷ ಆಯ್ತು, ಜನಕ್ಕೆ ಏನಾದ್ರೂ ಬೇಡ್ವಾ?”

“ಅವನಿಗೆ ಏನೂ ಆಗಲ್ಲ ಸಾರ್. ಅವನು ಅಲ್ಲೇ ಕೂತಿರ್ತಾನೆ. ಒಬ್ಬ ಗುಮಾಸ್ತ ಬಂದು ಹೋಗ್ತಾನೆ. ಅಷ್ಟೇ ಕಂತು.”

ಆ ಕಂತಿನ ಹಿಂದಿನ ದಿನ ನಾನು ಸ್ಟುಡಿಯೋದ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬಿಸಿನೀರು ಬಾಯಿ ಮುಕ್ಕಳಿಸುತ್ತಿದ್ದೆ. ಅಕ್ಕ ಬಂದು ಪಕ್ಕದಲ್ಲೇ ಕೂತಳು. ಕೈಯಲ್ಲಿ ಹಾಳೆಗಳಿದ್ದವು.

“ಮೇಸ್ತ್ರಿ, ನಿಮಗೆ ನಗು ಹಚ್ಚೋಕೆ ಬರುತ್ತೆ. ಆರಿಸೋಕೆ ಬರುತ್ತಾ?”

“ಯಾಕಕ್ಕ?”

“ಗುಮಾಸ್ತನ ಸೀನ್‌ನಲ್ಲಿ ಒಬ್ಬರೂ ನಗಬಾರದು. ದಣಿ ಆ ಮಾತು ಹೇಳಿದಾಗ್ಲೂ ನಗಬಾರದು.”

ಆಮೇಲೆ ಅವಳು ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹಾಳೆಯ ಮೂಲೆ ಮಡಚುತ್ತ, ಬಿಡಿಸುತ್ತ ಹೇಳಿದಳು. ಅವಳ ಅಣ್ಣ ಸರಕಾರಿ ಔಷಧಿ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಅವಧಿ ಮುಗಿದ ಮಕ್ಕಳ ಔಷಧಿ, ಲಾರಿಗಟ್ಟಲೆ ಬಾಟಲಿ. ಎಲ್ಲ ಸರಿಯಾಗಿದೆ ಎಂದು ಸಹಿ ಹಾಕು ಎಂದು ಮೇಲಿನವರು ಕಾಗದ ಮುಂದಿಟ್ಟರು. ಅವನು ಹಾಕಲಿಲ್ಲ. ಒಂದು ತಿಂಗಳಲ್ಲಿ ಉಗ್ರಾಣದಿಂದ ಕದ್ದನೆಂದು ಅವನ ಮೇಲೆಯೇ ಕೇಸಾಯಿತು. ಮೂರು ವರ್ಷ ಕೋರ್ಟಿಗೆ ಅಲೆದ. ತೀರ್ಪು ಬರುವ ಮೊದಲು ಎದೆನೋವು ಬಂತು. ಕಳ್ಳ ಎನ್ನುವ ಹೆಸರು ಹೊತ್ತೇ ಹೋದ.

“ಇದನ್ನ ಹೇಳಬೇಕು ಅಂತಲೇ ದಣಿಯನ್ನ ಬರೆದೆ ಮೇಸ್ತ್ರಿ. ಜನ ಹೆದರಲಿ, ಹೇಸಿಗೆ ಪಡಲಿ ಅಂತ. ಅವರು ನೋಡಿದ್ರೆ ಅವನನ್ನ ಮುದ್ದು ಮಾಡ್ಬಿಟ್ರು. ನಾನು ಅವನನ್ನ ಕೆಟ್ಟವನು ಮಾಡಿದಷ್ಟೂ ಅವರು ಜಾಸ್ತಿ ನಕ್ಕರು.”

ನಾನು ಬಾಯಲ್ಲಿದ್ದ ನೀರು ನುಂಗಿಬಿಟ್ಟೆ. ಜನ ನಕ್ಕರು ಎಂದು ಅವಳು ಒಳ್ಳೆಯ ಮನಸ್ಸಿನಿಂದ ಹೇಳಿದಳು. ಮೊದಲು ನಕ್ಕವನು ಯಾರು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

“ನಾಳೆ ಅಮ್ಮ ಬರ್ತಾಳೆ,” ಎಂದಳು. “ಇಷ್ಟು ವರ್ಷ ಒಂದು ಕಂತೂ ನೋಡಿಲ್ಲ ಅವಳು. ನಾಳೆ ಮಾತ್ರ ಬರ್ತೀನಿ ಅಂದಿದಾಳೆ. ಎರಡನೇ ಸಾಲು. ಅವಳ ಎದುರಿಗೆ ಅಣ್ಣನ್ನ ನೋಡಿ ಮುನ್ನೂರು ಜನ ನಗಬಾರದು. ಅಷ್ಟೇ ನಾನು ಕೇಳೋದು.”

“ನನ್ನ ಗಂಟಲಾಣೆ ಅಕ್ಕ,” ಎಂದೆ. “ಒಂದು ಕೆಮ್ಮು ಕೂಡ ಕೇಳಿಸಲ್ಲ.”

ಮರುದಿನ ನನ್ನ ಎಂಟು ಜನರನ್ನು ಒಟ್ಟಿಗೆ ಕೂರಿಸಿ ಪಾಠ ಮಾಡಿದೆ. ಅವರಲ್ಲಿ ಮುಖ್ಯ ಇಬ್ಬರು: ನಾವು ಕತ್ತರಿ ಎಂದು ಕರೆಯುವ ಕ್ಷೌರದಂಗಡಿಯವನು ಮತ್ತು ನಮ್ಮ ಬೀದಿಯ ಟೈಲರಮ್ಮ. ಗುಮಾಸ್ತ ಒಳಗೆ ಬಂದ ಕೂಡಲೇ ಎಲ್ಲರೂ ತುಟಿ ಒಳಗೆಳೆದುಕೊಂಡು ಕಚ್ಚಿ ಹಿಡಿಯಬೇಕು ಎಂದೆ.

“ಪಕ್ಕದವನು ನಕ್ಕರೆ?” ಎಂದ ಕತ್ತರಿ.

“ಗುರಾಯಿಸು.”

“ಅವನು ನನ್ನ ಗಿರಾಕಿ ಆಗಿದ್ರೆ?”

“ನಿನ್ನ ಕೈಲಿ ಶೇವಿಂಗ್ ಮಾಡಿಸ್ಕೊಂಡವನು ನಗೋದನ್ನ ಎಂದೋ ಬಿಟ್ಟಿರ್ತಾನೆ ಬಿಡೋ,” ಎಂದಳು ಟೈಲರಮ್ಮ.

ಸಂಜೆ ಆರೂವರೆಗೆ ಸಭಾಂಗಣ ತುಂಬಿತು. ಗೋಡೆಗೆ ಒರಗಿ ನಿಂತವರೇ ನೂರು ಜನ. ಅರ್ಧ ಜನ ದಣಿಯ ಹಾಗೆಯೇ ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು. ಒಬ್ಬರು ಇನ್ನೊಬ್ಬರ ಕೆನ್ನೆ ತಟ್ಟಿ ಆ ಮಾತು ಹೇಳುವುದು, ನಗುವುದು. ಎರಡನೇ ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ಬಂದು ಕೂತಳು. ಸಣ್ಣ ಜೀವ. ಮಡಿಲಲ್ಲಿ ಒಂದು ಚೀಲ, ಚೀಲದ ಮೇಲೆ ಎರಡೂ ಕೈ. ಡಾಕ್ಟರ ಬಾಗಿಲಲ್ಲಿ ಸರದಿ ಕಾಯುವವರ ಹಾಗೆ ಕೂತಿದ್ದಳು. 

ಏಳಕ್ಕೆ ಶುರುವಾಯಿತು. ಮೊದಲ ಎರಡು ಸೀನ್‌ಗಳಿಗೆ ನಾನು ಎಂದಿನಂತೆ ಹಚ್ಚಿದೆ, ಜನ ಎಂದಿನಂತೆ ಹೊತ್ತಿಕೊಂಡರು. ಮೂರನೆಯದು ಗುಮಾಸ್ತನದು. ದಣಿಯ ಕೋಣೆ. ದೊಡ್ಡ ಮೇಜು, ಹಿಂದೆ ದಣಿ. ಬಾಗಿಲು ತೆರೆದು ಒಬ್ಬ ತೆಳ್ಳಗಿನ ನಟ ಬಂದು ನಿಂತ. ಅಂಗಿಯ ಜೇಬಿನಲ್ಲಿ ಪೆನ್ನು. ನಾನು ತುಟಿ ಕಚ್ಚಿದೆ. ಎಂಟು ಜನ ಕಚ್ಚಿದರು. ಸಭೆ ನಿಶ್ಶಬ್ದ.

ದಣಿ ಕಾಗದ ಮುಂದೆ ನೂಕಿದ. “ಇಲ್ಲೊಂದು ಸಹಿ. ಎಲ್ಲ ಬಾಟಲಿನೂ ಚೆನ್ನಾಗಿದೆ ಅಂತ. ಮಕ್ಕಳು ಕಾಯ್ತಾ ಇದಾವೆ.”

ಗುಮಾಸ್ತ ಜೇಬಿನಿಂದ ಪೆನ್ನು ತೆಗೆದ. ಕಾಗದದ ಮೇಲೆ ಇಡಲಿಲ್ಲ. ಮೊದಲು ಎಡಗೈ ಹಿಂಬದಿಯ ಮೇಲೆ ಒಂದು ಸಣ್ಣ ಸೊನ್ನೆ ಸುತ್ತಿದ, ಶಾಯಿ ಬರುತ್ತದೋ ಇಲ್ಲವೋ ಎಂದು.

ಆಗ ಎರಡನೇ ಸಾಲಿನಿಂದ ದೊಡ್ಡದಾಗಿ ಕೇಳಿಸಿತು:

“ಅಯ್ಯೋ! ಮತ್ತೆ ಕೈಯೆಲ್ಲಾ ಮಸಿ ಮಾಡ್ಕೊಂಡ್ಯಲ್ಲೋ!”

ಹೇಳಿ ಮುದುಕಿ ನಕ್ಕಳು. ಅಂಗಳದಲ್ಲಿ ಆಡುವ ಮಗನನ್ನು ಬಯ್ಯುತ್ತ ನಗುವ ನಗು. ಅವಳ ಸುತ್ತಲಿನವರು ತಿರುಗಿ ನೋಡಿದರು, ಅವಳ ಮುಖ ನೋಡಿ ಅವರಿಗೂ ನಗು ಬಂತು. ಅಲ್ಲಿಂದ ಹಿಂದಿನ ಸಾಲಿಗೆ, ಅಲ್ಲಿಂದ ಇನ್ನೂ ಹಿಂದಕ್ಕೆ.

 ಕತ್ತರಿ ಎಡಕ್ಕೆ ಗುರಾಯಿಸಿದ, ಬಲಕ್ಕೆ ಗುರಾಯಿಸಿದ. ತುಟಿ ನುಂಗಿಕೊಂಡು ಗುರಾಯಿಸುವ ಅವನ ಮುಖ ನೋಡಿ ಆ ಕಡೆಯವರು ಇನ್ನೂ ಜಾಸ್ತಿ ನಕ್ಕರು. ಪರದೆಯ ಪಕ್ಕ ನೋಡಿದೆ. ಅಕ್ಕ ಹಾಳೆಯಿಂದ ಮುಖ ಮುಚ್ಚಿಕೊಂಡಿದ್ದಳು. ಮುಗಿಯಿತು, ಹೆತ್ತ ತಾಯಿಯಿಂದಲೇ ಕೆಟ್ಟಿತು ಎಂದುಕೊಂಡೆ.

ಬರೆದಿದ್ದ ಪ್ರಕಾರ ಗುಮಾಸ್ತ ಪೆನ್ನು ಕೆಳಗಿಟ್ಟು, ‘ನಾನು ಸಹಿ ಹಾಕಲ್ಲ ಸಾರ್’ ಎನ್ನಬೇಕಿತ್ತು. ಆ ನಟ ಮುದುಕಿಯ ಮಾತು ಕೇಳಿಸಿಕೊಂಡಿದ್ದ. ಅವನಿಗೆ ಏನನ್ನಿಸಿತೋ. ಕೈ ಮೇಲೆ ಇನ್ನೊಂದು ಸೊನ್ನೆ ಸುತ್ತಿದ. ಬೆಳಕಿಗೆ ಹಿಡಿದು ನೋಡಿದ. ಸೊನ್ನೆ ನೀಲಿ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

“ಇದು ಬರೀತಿಲ್ಲ ಸಾರ್,” ಎಂದ.

ಸಭೆ ಗೊಳ್ಳೆಂದಿತು. ದಣಿ ಪಳಗಿದ ನಟ, ತಬ್ಬಿಬ್ಬಾಗಲಿಲ್ಲ. ಮೇಜಿನ ಮೇಲಿನ ಇನ್ನೊಂದು ಪೆನ್ನು ಕೊಟ್ಟ. ಗುಮಾಸ್ತ ಮಣಿಕಟ್ಟಿನ ಮೇಲೆ ಸುತ್ತಿದ. “ಇದೂ ಇಲ್ಲ ಸಾರ್.” ಮೂರನೆಯದು. ತೋಳು ಮೇಲೇರಿಸಿ ಮೊಣಕೈ ತನಕ ಸುತ್ತಿದ. “ಇದರಲ್ಲೂ ಶಾಯಿ ಇಲ್ಲ ಸಾರ್.” ಕೊನೆಗೆ ದಣಿ ತನ್ನ ಜೇಬಿನ ಬಂಗಾರದ ಪೆನ್ನನ್ನೇ ಕೊಟ್ಟ. ಅಷ್ಟು ಹೊತ್ತಿಗೆ ಗುಮಾಸ್ತನ ಕೈಯಲ್ಲಿ ಖಾಲಿ ಜಾಗವೇ ಇರಲಿಲ್ಲ. ಅವನು ತಡಕಾಡಿ ಹೆಬ್ಬೆರಳ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟು, ಬಹಳ ಹೊತ್ತು ನೋಡಿ, ಪೆನ್ನನ್ನು ಎರಡೂ ಕೈಯಿಂದ ವಾಪಸು ಕೊಟ್ಟ.

“ತಮ್ಮದೂ ಬರೀತಿಲ್ಲ ಸಾರ್.”

ಸ್ವಾಮಿ, ಆ ನಗು ನಾನು ಹಚ್ಚಿದ್ದಲ್ಲ. ನಾನು ನಕ್ಕೆ, ನಿಜ. ಆದರೆ ಎಲ್ಲರ ಜೊತೆ, ಎಲ್ಲರಿಗಿಂತ ತಡವಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಹನ್ನೊಂದು ವರ್ಷದಲ್ಲಿ ಅಷ್ಟು ಸುಖವಾಗಿ ನಕ್ಕಿರಲಿಲ್ಲ. ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಈ ಜನ ದಣಿಯ ಪಕ್ಕ ಕೂತು ಎದುರಿಗಿದ್ದವನನ್ನು ನೋಡಿ ನಗುತ್ತಿದ್ದರು. ಇವತ್ತು ಎದ್ದು ಬಂದು ಗುಮಾಸ್ತನ ಪಕ್ಕ ಕೂತಿದ್ದಾರೆ. ಯಾರೂ ಹೇಳದೆ ಬಂದಿದ್ದಾರೆ. ಅಕ್ಕನ ಕಡೆ ನೋಡಿದೆ. ಹಾಳೆ ಮುಖದಿಂದ ಕೆಳಗಿಳಿದಿತ್ತು. ಬಾಯಿ ತೆರೆದು ಅವಳು ಜನರನ್ನೇ ನೋಡುತ್ತಿದ್ದಳು.

ದಣಿ ಎದ್ದ. ಮೇಜು ಸುತ್ತಿ ಬಂದ. ನಗು ತನ್ನಷ್ಟಕ್ಕೆ ಇಳಿಯಿತು. ಮುಂದೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಬೇಡವಾಗಿತ್ತು. ಆ ಮುದುಕಿ ಚೀಲವನ್ನು ಎದೆಗೆ ಒತ್ತಿಕೊಂಡಳು.

ದಣಿ ಗುಮಾಸ್ತನ ಕೆನ್ನೆ ತಟ್ಟಿದ.

“ಊಟ ಮಾಡ್ಕೊಂಡು ಹೋಗು, ಮರಿ.”

ಒಂದು ಉಸಿರೂ ಕೇಳಿಸಲಿಲ್ಲ. ನಾನೂರು ಜನರ ನಿಶ್ಶಬ್ದ, ಅದರ ನಡುವೆ ಒಂದು ನಗು.

ಹೊಟ್ಟೆಯ ಆಳದಿಂದ, ಮೂರು ಮೆಟ್ಟಿಲು ಹತ್ತಿ, ದುಂಡಗೆ, ತುಂಬಿಕೊಂಡು. ನನ್ನ ನಗು.

ಅರ್ಧ ಉಸಿರು ಬಾಕಿ ಇರುವಾಗಲೇ ಧುಮುಕಿದ್ದೆ. ನನ್ನ ಮನಸ್ಸು ಗುಮಾಸ್ತನ ಪಕ್ಕದಲ್ಲೇ ಇತ್ತು, ಬೇಕಾದರೆ ಎದೆ ಸೀಳಿ ತೋರಿಸುತ್ತೇನೆ. ಹೊಟ್ಟೆ ಮಾತ್ರ ತನ್ನ ಕೆಲಸ ಮಾಡಿತು. ತುಟಿ ಕಚ್ಚುವುದನ್ನು ಆಗಲೇ ನಕ್ಕು ಮರೆತಿದ್ದೆ. ಹೊರಟ ನಗುವನ್ನು ಬಾಯಿಗೆ ಕೈ ಒತ್ತಿ ನಿಲ್ಲಿಸಲು ನೋಡಿದೆ, ಅದು ಬೆರಳ ಸಂದಿಯಿಂದ ಇನ್ನೂ ಎರಡು ಸಲ ಬಂತು. ಗಾಜು ಸೀಳಿದ್ದು, ಬಸ್ಸು ನಿಂತದ್ದು ಹೇಳಿದೆನಲ್ಲ, ಅದೆಲ್ಲ ಏನೂ ಅಲ್ಲ. ನೂರು ಜನರ ನಗುವಿನೊಳಗೆ ಮುದ್ದಾಗಿ ಕೇಳುವ ಆ ನಗು ಒಂಟಿಯಾಗಿ ಹೇಗೆ ಕೇಳುತ್ತದೆಂದು ನನಗೇ ಗೊತ್ತಿರಲಿಲ್ಲ. ಸತ್ತ ಮನೆಯೊಳಗೆ ಯಾರೋ ಬಾಗಿಲು ಒದ್ದ ಹಾಗೆ ಕೇಳಿತು.

ಆ ಮುದುಕಿಯದೊಂದು ಬಿಟ್ಟು ಅಷ್ಟೂ ತಲೆಗಳು ಹಿಂತಿರುಗಿದವು. ವೇದಿಕೆಯ ಮೇಲೆ ದಣಿ ಕೆನ್ನೆ ತಟ್ಟಿದ ಕೈ ಹಾಗೇ ಎತ್ತಿಕೊಂಡು ನಿಂತಿದ್ದ. ಆ ಮಾತಿನ ಮೇಲೆ ನಗು ಮುಗಿಯುವ ತನಕ ಮುಗುಳ್ನಗುತ್ತ ನಿಲ್ಲುವುದು ಅವನಿಗೆ ರೂಢಿ. ಇವತ್ತು ಆ ಮುಗುಳ್ನಗೆಗೆ ಹೋಗಲು ಜಾಗವಿರಲಿಲ್ಲ. ಅವನೂ ನನ್ನನ್ನೇ ನೋಡಿದ. ಇಷ್ಟು ವರ್ಷ ದೇಶವೇ ತನಗಾಗಿ ನಗುತ್ತಿದೆ ಎಂದುಕೊಂಡಿದ್ದವನಿಗೆ, ಐದನೇ ಸಾಲಿನಲ್ಲಿ ಕೂಲಿಗೆ ಕೂತ ಒಬ್ಬ ಮೀಸೆಯವನು ಕಾಣಿಸಿದ. ಮುಗುಳ್ನಗೆ ಮುಖದಿಂದ ಇಳಿದುಹೋಯಿತು. ಅದರ ಹಿಂದೆ ದಣಿಯೂ ಇರಲಿಲ್ಲ, ನಟನೂ ಇರಲಿಲ್ಲ. ಕಪ್ಪು ಕೋಟು ಹಾಕಿಕೊಂಡ ಒಬ್ಬ ಮುದುಕ ನಿಂತಿದ್ದ.

ಗುಮಾಸ್ತ ತನ್ನ ಪೆನ್ನು ಎತ್ತಿ ಜೇಬಿಗೆ ಸಿಕ್ಕಿಸಿಕೊಂಡ. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡು, ಬಾಗಿಲು ತೆರೆದು ಹೋದ. ಇನ್ನೂ ಎರಡು ಪುಟ ಬಾಕಿ ಇತ್ತು. ಅಕ್ಕ ದೀಪದವನಿಗೆ ಕೈ ಬೀಸಿದಳು. ಕತ್ತಲಾಯಿತು. ದಣಿಯ ಕಥೆ ಅಲ್ಲಿಗೆ ಮುಗಿಯಿತು.

ಚಪ್ಪಾಳೆ ಆಮೇಲೆ ಬಂತು, ಬಹಳ ಆಮೇಲೆ. ಜನ ಎದ್ದು ಹೋಗುವಾಗ ಕಪ್ಪು ಕೋಟಿನವರು ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದರು. ಸೆಖೆಗೂ ಇರಬಹುದು.

ನಾನು ಕುರ್ಚಿಯಿಂದ ಏಳಲಿಲ್ಲ. ಅಕ್ಕ ಬಂದು ಎದುರು ನಿಂತಳು.

“ತಪ್ಪಾಯ್ತು ಅಕ್ಕ,” ಎಂದೆ.

“ಹೂಂ. ತಪ್ಪೇ.” ಕೈಯಲ್ಲಿದ್ದ ಹಾಳೆ ಮಡಚುತ್ತ ಹೇಳಿದಳು. “ಆ ಒಂಟಿ ನಗುನ ನನ್ನ ಕೈಲಿ ಬರೆಯೋಕೆ ಆಗ್ತಿರಲಿಲ್ಲ ಮೇಸ್ತ್ರಿ. ಹನ್ನೊಂದು ವರ್ಷ ಕೂತಿದ್ರೂ ಆಗ್ತಿರಲಿಲ್ಲ.”

ಅದು ಬೈಗುಳವೋ ಹೊಗಳಿಕೆಯೋ ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ನಗಲಿಲ್ಲ, ಅದಂತೂ ಸತ್ಯ.

ವೇದಿಕೆಯ ಕೆಳಗೆ ಅವಳ ಅಮ್ಮ ಆ ಗುಮಾಸ್ತನ ನಟನನ್ನು ಹಿಡಿದು ನಿಲ್ಲಿಸಿಕೊಂಡಿದ್ದಳು. ಚೀಲದಿಂದ ಕರವಸ್ತ್ರ ತೆಗೆದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಅವನ ಕೈ ಉಜ್ಜುತ್ತಿದ್ದಳು. ಮೊಣಕೈಯಿಂದ ಶುರು ಮಾಡಿ ಒಂದೊಂದೇ ಸೊನ್ನೆ. “ಹೇಳಿ ಹೇಳಿ ನನ್ನ ಬಾಯಿ ಸವೀತು. ಕಾಗದ ಇರಲ್ವೇನೋ ನಿನ್ನ ಹತ್ರ? ಅಂಗಿಗೆ ತಾಗಿದ್ರೆ ಯಾರು ಒಗೀಬೇಕು?” ಅಷ್ಟೆತ್ತರದ ಮನುಷ್ಯ ತಲೆ ಬಗ್ಗಿಸಿ, “ಇನ್ಮೇಲೆ ಮಾಡಲ್ಲಮ್ಮ,” ಎನ್ನುತ್ತ ಕೈ ಕೊಟ್ಟು ನಿಂತಿದ್ದ. ಸ್ಟುಡಿಯೋದ ಜನ ವೈರು ಸುತ್ತುವುದು ಬಿಟ್ಟು ನೋಡುತ್ತಿದ್ದರು. ಅಕ್ಕ ಹತ್ತಿರ ಹೋಗಲಿಲ್ಲ, ದೂರದಲ್ಲೇ ಗೋಡೆ ಹಿಡಿದು ನಿಂತಳು.

ನಾನು ಸದ್ದಿಲ್ಲದೆ ಬಾಗಿಲ ಕಡೆ ಜಾರುತ್ತಿದ್ದೆ. ಮುದುಕಿ ತಲೆ ಎತ್ತಿದಳು.

“ಏನಪ್ಪಾ, ನೀನು ಆ ಕಡೆನೇ ಕೂತಿದ್ದೆ ಅಲ್ವಾ? ಕೊನೇಲಿ ಯಾರದು ನಕ್ಕಿದ್ದು?”

 ಸುತ್ತ ನೋಡಿದೆ. ಕತ್ತರಿ ಚಾವಣಿ ನೋಡುತ್ತಿದ್ದ, ಟೈಲರಮ್ಮ ನೆಲ ನೋಡುತ್ತಿದ್ದಳು.

“ಗೊತ್ತಿಲ್ಲಮ್ಮ,” ಎಂದೆ. “ಹಿಂದಿನವರು ಯಾರೋ.”

“ಸಿಕ್ಕಿದ್ರೆ ಹೇಳು, ಒಂದು ಮಾತು ಕೇಳೋದಿದೆ,” ಎಂದು ಮತ್ತೆ ಉಜ್ಜತೊಡಗಿದಳು.

ಮರುದಿನದಿಂದ ಊರಲ್ಲಿ ಯಾರೂ ಆ ಮಾತು ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದರು. ಒಬ್ಬ ರಾಜಕಾರಣಿ ಅದೇ ವಾರ ಭಾಷಣದಲ್ಲಿ ಹೇಳಿ, ನಗುವಿಗಾಗಿ ನಿಲ್ಲಿಸಿದನಂತೆ. ಜನ ಸುಮ್ಮನೆ ನೋಡುತ್ತಿದ್ದರಂತೆ, ಯಾರು ಮೊದಲು ನಗುತ್ತಾರೆಂದು ಹಿಂತಿರುಗಿ ನೋಡುತ್ತಿದ್ದರಂತೆ. ನನ್ನ ಹೆಂಡತಿ ಈಗ ಆ ಮಾತಿಲ್ಲದೆಯೇ ತಟ್ಟೆ ಇಡುತ್ತಾಳೆ. ನನ್ನ ಆ ಕೆಲಸ ಹೋಯಿತು. ಒಮ್ಮೆ ಒಂಟಿಯಾಗಿ ಕೇಳಿಸಿದ ನಗುವನ್ನು ಯಾರು ತಾನೆ ಕರೆಯುತ್ತಾರೆ? ಈಗ ಈ ಬೀದಿಯ ಸಿನಿಮಾ ಮಂದಿರದಲ್ಲಿ ಬಾಗಿಲ ಬಳಿ ನಿಂತು ಟಿಕೆಟ್ಟು ಹರಿಯುತ್ತೇನೆ. ಒಳಗೆ ಜನ ನಕ್ಕರೆ ನಾನೂ ನಗುತ್ತೇನೆ, ಅವರು ಮುಗಿಸಿದ ಮೇಲೆ.

ಆ ತಾಯಿ ಇನ್ನೂ ಗಟ್ಟಿಯಾಗಿದ್ದಾಳೆ. ಈ ರಸ್ತೆಯಲ್ಲೇ ಓಡಾಡುತ್ತಾಳೆ, ಸಿಕ್ಕವರನ್ನೆಲ್ಲ ಅದೇ ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಕೇಳುವುದಿರುವ ಆ ಒಂದು ಮಾತು ಏನೆಂದು ತಿಳಿಯುವ ಧೈರ್ಯ ನನಗಿಲ್ಲ. ನಿಮಗೆ ಎಲ್ಲವನ್ನೂ ಬಿಚ್ಚಿ ಹೇಳಿದ್ದೇನೆ, ನನ್ನ ಗಂಟಲನ್ನೇ ನಿಮ್ಮ ಕೈಗೆ ಕೊಟ್ಟಿದ್ದೇನೆ. ಹೋಗುವಾಗ ದಾರಿಯಲ್ಲಿ ಅವಳು ಸಿಕ್ಕಿ ಕೇಳಿದರೆ, ನಕ್ಕವನು ಕತ್ತರಿ ಎಂದುಬಿಡಿ. ಅವನ ಅಂಗಡಿ ಎಡಕ್ಕೆ ಮೂರನೆಯದು. ಅವನು ಅಲ್ಲವೆಂದು ಆಣೆ ಇಟ್ಟರೆ, ದಯವಿಟ್ಟು ನಂಬಬೇಡಿ.